ಏಳನೆಯ ಲೆಕ್ಕದ ಮೈನಸ್

ಮಾರ್ಲಾ ಹಕಾಲಾಳ ಎಡಗೈಯ ಮೂರು ಬೆರಳುಗಳಿಗೆ ಸ್ಪರ್ಶವಿರಲಿಲ್ಲ. ಬಲಗೈಯಲ್ಲಿ ತೋರುಬೆರಳೊಂದರ ಸ್ಪರ್ಶ ಹೋಗಿತ್ತು. ಚಳಿ ಬಿದ್ದರೆ ನಾಲ್ಕೂ ಸೀಮೆಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿದ್ದವು. ಒಲೆಯ ಮುಂದೆ ಅರ್ಧ ಗಂಟೆ ಹಿಡಿದರೆ ಬಣ್ಣ ಮರಳುತ್ತಿತ್ತು, ಸ್ಪರ್ಶ ಮರಳುತ್ತಿರಲಿಲ್ಲ.

ಒಂಬತ್ತು ವರ್ಷ ಅವಳು ಕಬ್ಬಿಣದ ಅದಿರಿನ ಗಣಿಯ ಟೈರ್ ಶೆಡ್ಡಿನಲ್ಲಿದ್ದಳು. ಅದಿರು ಹೊರುವ ಲಾರಿಯ ಚಕ್ರ ಅವಳ ಎರಡರಷ್ಟು ಎತ್ತರ. ಒಂದೊಂದು ಚಕ್ರಕ್ಕೂ ನಲವತ್ತೆಂಟು ನಟ್ಟು. ಗಾಳಿಯ ಒತ್ತಡದಿಂದ ತಿರುಗುವ ಗನ್ ಹಿಡಿದು ಬಿಚ್ಚಬೇಕು, ಅದೇ ಗನ್ ಹಿಡಿದು ಬಿಗಿಯಬೇಕು. ಬಿಗಿದ ಮೇಲೆ ಹಾಳೆಯೊಂದಕ್ಕೆ ಸಹಿ ಹಾಕಬೇಕು. ಶೆಡ್ಡಿನ ತುಂಬ ಕೆಂಪು ಧೂಳು. ಸಹಿ ಹಾಕುವ ಮೊದಲು ಎಡಗೈಯಿಂದ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಒರೆಸುವುದು ಅಲ್ಲಿ ಎಲ್ಲರಿಗೂ ರೂಢಿ. ಒರೆಸದಿದ್ದರೆ ಧೂಳಿಗೆ ಪೆನ್ನು ಮೂಡುತ್ತಿರಲಿಲ್ಲ.

"ಇನ್ನೊಂದೆರಡು ವರ್ಷ ಆ ಗನ್ ಹಿಡಿದ್ರೆ, ಅಂಗಿ ಗುಂಡಿ ಹಾಕ್ಕೊಳ್ಳೋಕೆ ಯಾರನ್ನಾದ್ರೂ ಕರೀಬೇಕಾಗುತ್ತೆ" ಎಂದು ಡಾಕ್ಟರ್ ಹೇಳಿದ್ದಳು. ಗನ್ನಿನ ನಡುಕಕ್ಕೆ ಸತ್ತ ನರ ಮತ್ತೆ ಚಿಗುರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಅಷ್ಟೆ ಎಂದೂ ಹೇಳಿದ್ದಳು. ಏಪ್ರಿಲ್‌ನಲ್ಲಿ ಗಣಿಯೇ ಮುಚ್ಚಿತು. ಗನ್ ತಾನಾಗಿ ಕೈಬಿಟ್ಟಿತು.

ಮೂವತ್ತೆರಡನೆಯ ವಯಸ್ಸಿನಲ್ಲಿ ಮಾರ್ಲಾ ಊರಿನ ಕಾಲೇಜಿಗೆ ಸೇರಿದಳು. ಜನವರಿಯಲ್ಲಿ ಭೂಮಾಪನದ ಕೋರ್ಸು ಶುರುವಾಗಲಿತ್ತು. ಅದಕ್ಕೆ ಹದಿನಾಲ್ಕು ಸೀಟು, ಅದರಲ್ಲಿ ಒಂದರ ಮುಂದೆ ಅವಳ ಹೆಸರು. ಗಣಿಗೆ ಸರ್ವೆಯವರು ಬರುತ್ತಿದ್ದದ್ದನ್ನು ಅವಳು ನೋಡಿದ್ದಳು. ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿ ಕಣ್ಣಿಟ್ಟು ನೋಡುತ್ತಿದ್ದರು, ಮರದ ಗೂಟ ನೆಡುತ್ತಿದ್ದರು, ಅರ್ಧ ದಿನ ಅವರ ಕೈಗಳು ಕೋಟಿನ ಜೇಬಿನಲ್ಲೇ ಇರುತ್ತಿದ್ದವು. ಆ ಕೆಲಸವನ್ನು ಆರಿಸಿಕೊಳ್ಳಲು ಅವಳಿಗೆ ಬೇರೆ ಕಾರಣವಿರಲಿಲ್ಲ. ಷರತ್ತು ಒಂದೇ, ಡಿಸೆಂಬರ್ ಮುಗಿಯುವುದರೊಳಗೆ ಮೊದಲನೆಯ ಕ್ಯಾಲ್ಕುಲಸ್ ಪಾಸಾಗಿರಬೇಕು.

ಆ ಕ್ಯಾಲ್ಕುಲಸ್‌ನೊಳಗೆ ಒಂದು ಹೊಸ್ತಿಲು ಪರೀಕ್ಷೆ ಇತ್ತು. ಒಂದು ಹಾಳೆ, ಹತ್ತು ಫಂಕ್ಷನ್, ಅರ್ಧ ಗಂಟೆ. ಒಂದೊಂದಕ್ಕೂ ಡೆರಿವೇಟಿವ್ ಕಂಡುಹಿಡಿಯಬೇಕು, ಅಂದರೆ ಅದು ಯಾವ ವೇಗದಲ್ಲಿ ಬದಲಾಗುತ್ತದೆ ಎಂದು ಬರೆಯಬೇಕು. ಕ್ಯಾಲ್ಕುಲೇಟರ್ ಕೂಡದು. ಒಂಬತ್ತು ಸರಿಯಿರಬೇಕು. ಅರ್ಧ ಅಂಕ, ಕಾಲು ಅಂಕ ಎಂಬುದಿಲ್ಲ. ಒಂದು ಮೈನಸ್ ಬಿಟ್ಟುಹೋದರೆ ಆ ಲೆಕ್ಕ ಪೂರ್ತಿ ತಪ್ಪು. ಬಿದ್ದವರು ತಮ್ಮ ತಪ್ಪನ್ನು ತಿದ್ದಿ ತೋರಿಸಿ ಮರುದಿನ ಬೇರೆ ಹಾಳೆ ತೆಗೆದುಕೊಳ್ಳಬಹುದು. ದಿನಕ್ಕೆ ಒಂದು ಸಲ, ಹೀಗೆ ನವೆಂಬರ್ ಹದಿನಾಲ್ಕು, ಶುಕ್ರವಾರ, ಸಂಜೆ ನಾಲ್ಕು ಗಂಟೆಯವರೆಗೆ. ಅಷ್ಟರೊಳಗೆ ದಾಟದಿದ್ದರೆ ಮಿಕ್ಕ ಪರೀಕ್ಷೆಗಳಲ್ಲಿ ಎಷ್ಟೇ ಬಂದರೂ ಫೇಲು. ಹದಿನೈದರಂದು ಜಿಂಕೆ ಬೇಟೆಯ ಕಾಲ ಶುರು. ಆ ಮೇಲೆ ಊರಿನಲ್ಲಿ ಪರೀಕ್ಷೆ ಕೊಡುವವರೂ ಇರುವುದಿಲ್ಲ, ತೆಗೆದುಕೊಳ್ಳುವವರೂ ಇರುವುದಿಲ್ಲ.

ಕ್ಲಾಸಿನ ಹುಡುಗರು ಅರ್ಧ ಅಂಕವಿಲ್ಲದ ಈ ನಿಯಮವನ್ನು ಬಯ್ಯುತ್ತಿದ್ದರು. ಮಾರ್ಲಾ ಬಯ್ಯಲಿಲ್ಲ. ನಟ್ಟು ಬಿಗಿಯಾಗಿರುತ್ತದೆ, ಇಲ್ಲವೆ ಬಿಗಿಯಾಗಿರುವುದಿಲ್ಲ. ಅರ್ಧ ಬಿಗಿದ ನಟ್ಟಿಗೆ ಸಹಿ ಹಾಕುವ ಹಾಳೆಯನ್ನು ಅವಳು ಕಂಡಿರಲಿಲ್ಲ.

ಹದಿಮೂರರ ಗುರುವಾರದ ಹೊತ್ತಿಗೆ ಅವಳು ಹದಿನೆಂಟು ಸಲ ಬರೆದಿದ್ದಳು. ಐದು ಸಲ ಎಂಟು ಬಂದಿತ್ತು. ಒಂಬತ್ತು ಬಂದಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳ ಅಣ್ಣ ಡ್ವೇನ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಬಂದೂಕು ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಅವನು ಅದೇ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವನು. ಹೆಂಡತಿ ಬಿಟ್ಟುಹೋದ ಮೇಲೆ ತಂಗಿಯ ಮನೆಗೆ ಬಂದು ಸೋಫಾ ಹಿಡಿದಿದ್ದ. ಸೆಪ್ಟೆಂಬರ್‌ನಲ್ಲಿ ಅವನೂ ಅವಳ ಜೊತೆ ಕಾಲೇಜಿಗೆ ಸೇರಿದ್ದ. ಹೊಸ್ತಿಲು ಪರೀಕ್ಷೆಯಲ್ಲಿ ಮೂರು ಸಲ ಬಿದ್ದು, ಪುಸ್ತಕವನ್ನು ಬಚ್ಚಲಮನೆಯ ಕಿಟಕಿ ತೆರೆದಿಡಲು ಆನಿಕೆ ಕೊಟ್ಟು, ಆ ವಿಷಯ ಅಲ್ಲಿಗೆ ಮುಗಿಸಿದ್ದ. ಈಗ ನೆವಾಡಾದ ಒಂದು ಚಿನ್ನದ ಗಣಿಯಲ್ಲಿ ಅವನಿಗೆ ಲಾರಿ ಓಡಿಸುವ ಕೆಲಸ ಸಿಕ್ಕಿತ್ತು.

ಒಂದು ಕೈಯಲ್ಲಿ ಎಣ್ಣೆಬಟ್ಟೆ, ಇನ್ನೊಂದು ಕೈಯಲ್ಲಿ ಮಾರ್ಲಾ ಬರೆದಿಟ್ಟ ಕಾರ್ಡುಗಳು. ಒಂದೊಂದನ್ನೇ ಎತ್ತಿ ಕೇಳುತ್ತಿದ್ದ.

"ಲಾಗ್ ಎಕ್ಸ್."

"ಒಂದು ಬೈ ಎಕ್ಸ್."

"ಇ ಪವರ್ ಮೂರು ಎಕ್ಸ್."

"ಮೂರು ಇ ಪವರ್ ಮೂರು ಎಕ್ಸ್."

"ಕಾಸ್ ಐದು ಎಕ್ಸ್."

"ಮೈನಸ್ ಐದು ಸೈನ್ ಐದು ಎಕ್ಸ್."

"ಬಾಯಲ್ಲಿ ಎಲ್ಲ ಬರುತ್ತೆ ನಿಂಗೆ. ಪೈ ವರ್ಗ?"

"ಎರಡು ಪೈ."

ಡ್ವೇನ್ ಕಾರ್ಡು ತಿರುಗಿಸಿ ಅವಳ ಮೂಗಿನ ಮುಂದೆ ಹಿಡಿದ. ಹಿಂದೆ ದೊಡ್ಡದಾಗಿ ಸೊನ್ನೆ ಇತ್ತು. ಬರೆದವಳು ಅವಳೇ.

"ಅಕ್ಷರ ಕಂಡ ಕೂಡಲೇ ಓಡುತ್ತೆ ಅಂದ್ಕೊಳ್ತೀಯ ಕಣೇ ನೀನು. ಪೈ ಅಂದ್ರೆ ಎಕ್ಸ್ ಅಲ್ಲ, ಅದೊಂದು ಸಂಖ್ಯೆ. ಮೂರು ಚಿಲ್ಲರೆ. ಅದರ ವರ್ಗ ಒಂಬತ್ತು ಚಿಲ್ಲರೆ. ಇವತ್ತೂ ಅಷ್ಟೆ, ನೀನು ಸತ್ತ ಮೇಲೂ ಅಷ್ಟೆ. ಬದಲಾಗದೆ ಇರೋದರ ಡೆರಿವೇಟಿವ್ ಎಷ್ಟು?"

"ಸೊನ್ನೆ."

"ಏಪ್ರಿಲ್‌ನಿಂದ ನಾನು ಆ ಸೋಫಾ ಮೇಲೆ ಕೂತಿದ್ದೀನಿ. ನನ್ನ ಡೆರಿವೇಟಿವ್ ಎಷ್ಟು?"

"ಹೊಟ್ಟೆ ಸೇರಿಸಿ ಹೇಳ್ಲಾ, ಬಿಟ್ಟು ಹೇಳ್ಲಾ?"

ಡ್ವೇನ್ ನಕ್ಕ. ಮಾರ್ಲಾಳಿಗೆ ನಗು ಬರಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದಳು, ಅಷ್ಟೆ. ಗಣಿ ಮುಚ್ಚಿದ ಮೇಲೆ ಅವಳಿಗೆ ಹೀಗಾಗಿತ್ತು. ಬೇಸರವೂ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು, ಹತ್ತು ಫಂಕ್ಷನ್ ಬರೆದು, ತಿದ್ದಿ, ಊಟ ಮಾಡಿ, ಮಲಗುತ್ತಿದ್ದಳು.

"ಇಪ್ಪತ್ತಮೂರಕ್ಕೆ ಹೊರಡ್ತೀನಿ" ಎಂದ ಡ್ವೇನ್. "ಪಕ್ಕದ ಸೀಟಲ್ಲಿ ನೀನು ಕೂರ್ತೀಯೋ, ಐಸ್ ಪೆಟ್ಟಿಗೆ ಇಡ್ಲೋ, ಹೇಳಿಬಿಡು."

"ಐಸ್ ಪೆಟ್ಟಿಗೆ ಇಡು."

"ಅಲ್ಲಿನ ಟೈರ್ ಶೆಡ್ಡಿನ ಮೇಸ್ತ್ರಿಗೆ ನಿನ್ನ ವಿಷಯ ಹೇಳಿದ್ದೀನಿ. ಒಂಬತ್ತು ವರ್ಷ ಗನ್ ಹಿಡಿದವಳು ಅಂದ ತಕ್ಷಣ ಕರ್ಕೊಂಡು ಬಾ ಅಂದ. ನಾಳೆ ಸಾಯಂಕಾಲದೊಳಗೆ ಹೂಂ ಅಂದ್ರೆ ಜಾಗ ಇದೆ, ಇಲ್ಲಾಂದ್ರೆ ಬೇರೆಯವರಿಗೆ."

"ಬೆರಳಿನ ವಿಷಯ ಹೇಳಿದ್ಯಾ?"

"ನಂಗೇನು ತಲೆ ಕೆಟ್ಟಿದೆಯಾ?"

ಮಾರ್ಲಾ ಎದ್ದು ಒಲೆಯೊಳಗಿನ ತಟ್ಟೆ ಹೊರಗೆ ತೆಗೆದಳು. ದನದ ಮಾಂಸ, ಆಲೂಗೆಡ್ಡೆ ತುಂಬಿ ಬೇಯಿಸಿದ ಎರಡು ಪ್ಯಾಸ್ಟಿ ಕಡುಬು, ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ಬಲಗೈಗೆ ಬಟ್ಟೆ ಹಿಡಿದಿದ್ದಳು, ಎಡಗೈಗೆ ಮರೆತಿದ್ದಳು.

"ಮಾರ್ಲಾ, ಕೈ" ಎಂದ ಡ್ವೇನ್. ಚರ್ಮ ಸುಟ್ಟ ವಾಸನೆ ಮೊದಲು ಬಂದದ್ದು ಅವನಿಗೆ.

ಅವಳು ತಟ್ಟೆ ಕೆಳಗಿಟ್ಟು ಬೆರಳು ನೋಡಿದಳು. ನಡುಬೆರಳಿನ ತುದಿಯಲ್ಲಿ ಚರ್ಮ ಬೆಳ್ಳಗೆ ಎದ್ದಿತ್ತು. ನೋವಿರಲಿಲ್ಲ. ಹಾಗೆ ಮಾಡಬೇಕೆಂದು ಗೊತ್ತಿದ್ದುದರಿಂದ ಹತ್ತು ನಿಮಿಷ ತಣ್ಣೀರಿನ ಕೆಳಗೆ ಹಿಡಿದು ನಿಂತಳು. ಡ್ವೇನ್ ಬಂದೂಕು ಜೋಡಿಸಿದ. ನೆವಾಡಾದ ಮಾತು ಮತ್ತೆ ಎತ್ತಲಿಲ್ಲ.

ಶುಕ್ರವಾರ ಮೂರೂಕಾಲಿಗೆ ಕಾಲೇಜು ಹೆಚ್ಚುಕಡಿಮೆ ಖಾಲಿಯಾಗಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಕಿತ್ತಳೆ ಟೋಪಿ ಹಾಕಿದ ಹುಡುಗರು ಪಿಕಪ್ಪಿಗೆ ಡೇರೆ, ಬಿಯರು, ಸ್ಲೀಪಿಂಗ್ ಬ್ಯಾಗು ತುಂಬುತ್ತಿದ್ದರು. ಹಿಂದಿನ ರಾತ್ರಿ ಬಿದ್ದ ಹಿಮ ಚಕ್ರಗಳಡಿ ಕೆಸರಾಗಿತ್ತು. ಡ್ವೇನ್ ಎಂಜಿನ್ ಆರಿಸದೆ ಗಾಡಿಯಲ್ಲೇ ಕೂತ. ಪರೀಕ್ಷೆ ಮುಗಿದ ಕೂಡಲೇ ಇಬ್ಬರೂ ಬೇಟೆಯ ಗುಡಿಸಲಿಗೆ ಹೋಗುವುದಿತ್ತು.

ಗಣಿತದ ಕೋಣೆಯಲ್ಲಿ ಮಿಸ್ಟರ್ ರೌಟಿಯೊ ಒಬ್ಬರೇ ಇದ್ದರು. ಹೈಸ್ಕೂಲಿನಲ್ಲಿ ಮೂವತ್ತೆಂಟು ವರ್ಷ ಗಣಿತ ಹೇಳಿ ನಿವೃತ್ತರಾದವರು. ಮಾರ್ಲಾಳಿಗೆ ಹತ್ತನೆಯ ಕ್ಲಾಸಿನಲ್ಲಿ ರೇಖಾಗಣಿತ ಹೇಳಿಕೊಟ್ಟವರೂ ಅವರೇ. ಈಗ ಹೊಸ್ತಿಲು ಪರೀಕ್ಷೆಯ ಹಾಳೆ ಕೊಡುವುದು, ತಿದ್ದುವುದು, ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ವಾರದ ಹಿಂದೆ ಪೊರೆ ತೆಗೆಸಿಕೊಂಡಿದ್ದರಿಂದ ಬಲಗಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳವಿತ್ತು.

"ನೀವು ಗುಡಿಸಲಿಗೆ ಹೋಗಲಿಲ್ವಾ ಮಿಸ್ಟರ್ ರೌಟಿಯೊ?"

"ಒಂದು ಕಣ್ಣಲ್ಲಿ ಜಿಂಕೆ ಬಿಟ್ಟು ನನ್ನ ತಮ್ಮನಿಗೆ ಹೊಡೀತೀನಿ ಅಂತ ಹೆಂಡತಿ ಕಳಿಸಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಎರಡು ಕಣ್ಣಿದ್ದಾಗಲೂ ಅವನಿಗೆ ಹೊಡೀಬೇಕು ಅಂತ ನಂಗೆ ಆಸೆ ಇತ್ತು." ಅವರು ಹಾಳೆ ಕೊಟ್ಟರು. "ಹತ್ತೊಂಬತ್ತನೇದು. ಮೂರು ಇಪ್ಪತ್ತೈದು. ಐವತ್ತೈದಕ್ಕೆ ಕೊಡು. ತಿದ್ದೋಕೆ ನಂಗೂ ಐದು ನಿಮಿಷ ಬೇಕು. ನಾಲ್ಕಕ್ಕೆ ರಿಜಿಸ್ಟರ್ ಮುಚ್ಚಬೇಕು."

ಅವಳು ಕಿಟಕಿಯ ಪಕ್ಕ ಕೂತಳು. ಹಿಡಿತ ಸಿಗಲೆಂದು ಪೆನ್ಸಿಲಿಗೆ ಟೇಪು ಸುತ್ತಿದ್ದಳು. ಎಷ್ಟು ಒತ್ತುತ್ತಿದ್ದೇನೆಂದು ಬೆರಳಿಗೆ ತಿಳಿಯದ ಕಾರಣ ಯಾವಾಗಲೂ ಜಾಸ್ತಿಯೇ ಒತ್ತುತ್ತಿದ್ದಳು. ಅಳಿಸುವಾಗಲೂ ಹಾಗೆಯೇ. ಹೀಗಾಗಿ ಅವಳ ಹಾಳೆಯ ಮೇಲೆ ಯಾವಾಗಲೂ ರಬ್ಬರಿನ ಹೊಟ್ಟು.

ಮೊದಲನೆಯದು ಎಕ್ಸ್‌ನ ಘನ. ಎರಡನೆಯದು ವರ್ಗಮೂಲ. ಮೂರನೆಯದು ಎಕ್ಸ್ ಮತ್ತು ಲಾಗ್ ಎಕ್ಸ್‌ನ ಗುಣಾಕಾರ. ಬರೆದಳು. ನಾಲ್ಕನೆಯದು ಪೈ ವರ್ಗ. ಪೆನ್ಸಿಲು ತಾನಾಗಿ ಎರಡು ಎಂದು ಬರೆಯಲು ಹೊರಟಿತು. ಅವಳು ತಡೆದಳು. ಸೋಫಾದ ಮೇಲೆ ಕೂತ ಡ್ವೇನ್ ನೆನಪಾದ. ಸೊನ್ನೆ ಬರೆದು ಸುತ್ತ ಒಂದು ಚೌಕ ಎಳೆದಳು. ಹತ್ತೊಂಬತ್ತು ಸಲದಲ್ಲಿ ಈ ಲೆಕ್ಕ ಸರಿಯಾದದ್ದು ಇದೇ ಮೊದಲು.

ಏಳನೆಯದು ಕಾಸ್ ಐದು ಎಕ್ಸ್. ಅವಳು ಮೈನಸ್ ಸೈನ್ ಐದು ಎಕ್ಸ್ ಎಂದು ಬರೆದಳು. ಒಳಗಿನ ಐದನ್ನು ಹೊರಗೆ ತರುವುದು ಮರೆತಿತ್ತು. ಒಂಬತ್ತನೆಯದಕ್ಕೆ ಹೋದ ಮೇಲೆ ಅದು ಹೊಳೆಯಿತು. ಹಿಂದೆ ಬಂದು, ಪೂರ್ತಿ ಅಳಿಸಿ, ಐದು ಸೈನ್ ಐದು ಎಕ್ಸ್ ಎಂದು ಬರೆದು ಮುಂದಕ್ಕೆ ಹೋದಳು. ಹತ್ತನೆಯದು ಭಾಗಾಕಾರ. ಅದು ಮಧ್ಯದಲ್ಲೇ ಕೈಕೊಟ್ಟಿತು. ಹೋದರೆ ಹೋಗಲಿ, ಒಂದು ಬಿಡಬಹುದು ಎಂದು ಏನೋ ಒಂದು ಬರೆದಳು. ಮೂರು ಐವತ್ನಾಲ್ಕಕ್ಕೆ ಎದ್ದು ಹಾಳೆ ಕೊಟ್ಟಳು.

ರೌಟಿಯೊ ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದು, ಮೇಜಿನ ಮೇಲಿಟ್ಟು, ಹಸಿರು ಪೆನ್ನಿನಿಂದ ಒಂದೊಂದಕ್ಕೇ ಟಿಕ್ ಹಾಕುತ್ತ ಬಂದರು. ನಾಲ್ಕನೆಯದರ ಹತ್ತಿರ ನಿಂತು ಅವಳ ಮುಖ ನೋಡಿದರು. "ಪೈಗೆ ಕೊನೆಗೂ ಬುದ್ಧಿ ಬಂತು" ಎಂದರು. ಏಳಕ್ಕೆ ಟಿಕ್. ಎಂಟಕ್ಕೆ, ಒಂಬತ್ತಕ್ಕೆ ಟಿಕ್. ಹತ್ತನೆಯದರ ಮೇಲೆ ಗೀಟು. ಹಾಳೆಯ ತಲೆಗೆ ಒಂಬತ್ತು ಎಂದು ಬರೆದು ಸುತ್ತು ಹಾಕಿದರು.

"ಒಂಬತ್ತು. ಸಹಿ ಹಾಕು."

ಬಿದ್ದರೂ ಗೆದ್ದರೂ ಅಂಕದ ಕೆಳಗೆ ಬರೆದವರ ಸಹಿ ಬೀಳಬೇಕು, ಆ ಮೇಲೆ ಅದನ್ನು ರಿಜಿಸ್ಟರಿಗೆ ಏರಿಸಬೇಕು, ಹಾಳೆ ಪೆಟ್ಟಿಗೆಗೆ ಹೋಗಬೇಕು. ಕಾಲೇಜಿನ ಕ್ರಮ ಅದು.

ಮಾರ್ಲಾ ಒಂಬತ್ತನ್ನು ನೋಡಿದಳು. ಸಂತೋಷವಾಗಬೇಕಿತ್ತು. ಆಗುತ್ತದೇನೋ ಎಂದು ಒಂದು ಕ್ಷಣ ಕಾದಳು. ಬಲಗೈಯಲ್ಲಿ ಪೆನ್ನು ತೆಗೆದುಕೊಂಡಳು. ಎಡಗೈ ಬೆರಳುಗಳಿಂದ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಒರೆಸಿ ಸಹಿ ಹಾಕಿದಳು. ಒಂಬತ್ತು ವರ್ಷ ದಿನಕ್ಕೆ ಎಂಟು ಹತ್ತು ಸಲ ಮಾಡಿದ ಕೆಲಸ. ಬೆರಳುಗಳಿಗೆ ಏನೂ ತಿಳಿಯಲಿಲ್ಲ.

ರೌಟಿಯೊ ರಿಜಿಸ್ಟರು ತೆರೆದು, ಅವಳ ಹೆಸರು ಹುಡುಕಿ, ಅಂಕ ಬರೆಯುವ ಮೊದಲು ಹಾಳೆಯನ್ನು ಇನ್ನೊಮ್ಮೆ ನೋಡಿದರು. ಪೆನ್ನು ನಿಂತಿತು.

"ಏಳನೇದರಲ್ಲಿ ಮೈನಸ್ ಇತ್ತಲ್ಲ."

ಮಾರ್ಲಾ ಬಗ್ಗಿ ನೋಡಿದಳು. ಐದು ಸೈನ್ ಐದು ಎಕ್ಸ್. ಅದರ ಎಡಕ್ಕೆ ಏನೂ ಇರಲಿಲ್ಲ. ಹಾಳೆಯ ಕೆಳಗೆ, ಮೇಜಿನ ಅಂಚಿನಲ್ಲಿ, ರಬ್ಬರಿನ ಹೊಟ್ಟು ಬಿದ್ದಿತ್ತು. ಅದರಲ್ಲಿ ಒಂದು ಅಕ್ಕಿಕಾಳಿನಷ್ಟು ಉದ್ದಕ್ಕೆ, ನೇರವಾಗಿ, ಮೈನಸ್ ಗೀಟಿನಂತೆ ಕಪ್ಪಗಿತ್ತು.

"ನಾನು ನೋಡಿದೆ, ಮೈನಸ್ ಇತ್ತು" ಎಂದರು ರೌಟಿಯೊ. "ಟಿಕ್ ಹಾಕಿದ್ದೀನಲ್ಲ."

ಅವಳ ಕಣ್ಣು ಮೇಜಿನ ಅಂಚಿನ ಹೊಟ್ಟಿನ ಮೇಲಿತ್ತು.

ರೌಟಿಯೊ ಹೊಟ್ಟನ್ನು ನೋಡಿದರು. ಒಳ್ಳೆಯ ಕಣ್ಣನ್ನು ಉಜ್ಜಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ದನಿ ತಗ್ಗಿಸುವ ಅಗತ್ಯವಿರಲಿಲ್ಲ. "ನೀನು ಮೈನಸ್ ಬರೆದಿದ್ದೆ, ಕೈ ತಾಗಿ ಅಳಿಸಿಹೋಯ್ತು. ಹಾಗೇ ತಾನೆ? ಪೆನ್ಸಿಲಿನ ಬರಹ ಕೆಲವು ಸಲ ಅಳಿಸಿಹೋಗುತ್ತೆ. ಬರೆದಿದ್ದೆ ಅಂತ ನೀನು ಹೇಳಿದ್ರೆ ಸಾಕು ನಂಗೆ."

ಮಾರ್ಲಾಳಿಗೆ ಆ ಮಾತು ಪೂರ್ತಿ ಅರ್ಥವಾಯಿತು. ಹೌದು ಎನ್ನಬೇಕು, ಅಷ್ಟೆ. ಹೌದು ಎಂದರೆ ಸೀಟು, ಜನವರಿ, ಜೇಬಿನೊಳಗೆ ಕೈ. ಹೌದು ಎನ್ನಲೆಂದೇ ಬಾಯಿ ತೆರೆದಳು. ಸುಳ್ಳು ಹೇಳಲು ಒಳಗೆ ಏನೋ ಒಂದು ಒದೆಯಬೇಕು. ಹೆದರಿಕೆಯಾದರೂ ಒದೆಯಬೇಕು, ಆಸೆಯಾದರೂ ಒದೆಯಬೇಕು. ಅವಳೊಳಗೆ ಯಾವುದೂ ಒದೆಯಲಿಲ್ಲ. ಕಣ್ಣಿನ ಮುಂದೆ ಹಾಳೆ, ಹಾಳೆಯ ಕೆಳಗೆ ತನ್ನ ಸಹಿ.

"ಬರೆದಿರಲಿಲ್ಲ" ಎಂದಳು. "ಅದು ಹೊಟ್ಟು."

"ಮಾರ್ಲಾ, ಮೂರು ಐವತ್ತೆಂಟು."

"ಗೊತ್ತು."

"ಇವತ್ತೇ ಕೊನೆ."

"ಗೊತ್ತು ಮಿಸ್ಟರ್ ರೌಟಿಯೊ."

ಅವರು ಹಸಿರು ಪೆನ್ನು ತೆಗೆದುಕೊಂಡರು. ಆಮೇಲೆ ಏಳನೆಯದರ ಟಿಕ್ಕಿನ ಮೇಲೆ ಗೀಟು ಎಳೆದರು, ಒಂಬತ್ತನ್ನು ಹೊಡೆದು ಎಂಟು ಬರೆದರು. ತಿದ್ದಿದ ಅಂಕಕ್ಕೆ ಮತ್ತೆ ಸಹಿ ಬೇಕಿತ್ತು. ಅವಳು ಹಾಕಿದಳು. ಈ ಸಲ ಒರೆಸಲಿಲ್ಲ.

"ಮೂವತ್ತೆಂಟು ವರ್ಷದಲ್ಲಿ ಹೊಟ್ಟಿಗೆ ಟಿಕ್ ಹಾಕಿದ್ದು ಇದೇ ಮೊದಲು" ಎಂದರು ರೌಟಿಯೊ, ರಿಜಿಸ್ಟರಿನೊಳಗೆ ಮುಖ ಹುದುಗಿಸಿಕೊಂಡೇ. "ನೀನು ಆ ಹಾಳೆ ಯಾಕೆ ಒರೆಸಿದೆ?"

"ಧೂಳಿರುತ್ತೆ."

"ಇಲ್ಲೆಲ್ಲಿದೆ ಧೂಳು?"

ಅವಳು ಕೋಟು ಹಾಕಿಕೊಂಡಳು. ಮೇಲಿನ ಗುಂಡಿ ಎರಡು ಸಲ ಜಾರಿತು, ಮೂರನೆಯ ಸಲ ಸೇರಿತು.

ಗಾಡಿಯೊಳಗೆ ಬೆಚ್ಚಗಿತ್ತು. ಡ್ವೇನ್ ರೇಡಿಯೊ ಆರಿಸಿದ.

"ಎಷ್ಟು?"

"ಎಂಟು."

"ಪೈ?"

"ಸರಿಯಾಯ್ತು. ಹತ್ತನೇದು ಹೋಯ್ತು. ಏಳನೇದರಲ್ಲಿ ಮೈನಸ್ ಬಿಟ್ಟೆ."

"ಕಾಸಾ? ನಿನ್ನೆ ಮೇಜಿನ ಹತ್ರ ಸರಿಯಾಗಿ ಹೇಳಿದ್ಯಲ್ಲೇ."

"ಅವರು ಮೊದಲು ಒಂಬತ್ತು ಕೊಟ್ಟಿದ್ರು. ಬರೆದಿದ್ಯಾ ಅಂತ ಕೇಳಿದ್ರು. ಇಲ್ಲ ಅಂದೆ."

ಡ್ವೇನ್ ಗೇರ್ ಹಾಕಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡ. ಕಿತ್ತಳೆ ಟೋಪಿಯವರ ಕೊನೆಯ ಪಿಕಪ್ಪು ಕೆಸರು ಹಾರಿಸಿಕೊಂಡು ಹೋಯಿತು. 

"ದಡ್ಡಿ ಅನ್ಬೇಕು ಅನ್ಸುತ್ತೆ" ಎಂದ.

"ಅನ್ನು."

"ಅನ್ನಲ್ಲ. ಶೆಡ್ಡಲ್ಲಿ ಯಾವತ್ತಾದ್ರೂ ನಲವತ್ತೇಳು ನಟ್ಟು ಬಿಗಿದು, ನಲವತ್ತೆಂಟು ಅಂತ ಸಹಿ ಹಾಕಿದ್ಯಾ?"

"ಇಲ್ಲ."

"ಹಾಕಿಲ್ಲ ಅಂತ ಗೊತ್ತು. ಆ ಲಾರಿ ಓಡಿಸ್ತಿದ್ದೋನು ನಾನು." ಅವನು ಗಾಡಿ ಹಿಂದಕ್ಕೆ ತೆಗೆದ. "ಐಸ್ ಪೆಟ್ಟಿಗೆ ಹಿಂದೆ ಹಾಕ್ತೀನಿ ಬಿಡು."

"ಹೂಂ" ಎಂದಳು ಮಾರ್ಲಾ.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಡ್ವೇನ್ ನೆವಾಡಾಕ್ಕೆ ಫೋನು ಮಾಡಿದ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಅವನು ಎರಡು ಮಾತಾಡಿದ, ತಲೆಯಾಡಿಸಿದ, ಒಳಗೆ ಹೋಗಿ ಎರಡು ಕಾಫಿ ತಂದ. ಲೋಟ ಬಿಸಿಯಾಗಿತ್ತೋ ಇಲ್ಲವೋ, ಎಡಗೈಗೆ ತಿಳಿಯದೆ ಬಲಗೈಗೆ ಬದಲಾಯಿಸಿಕೊಂಡಳು.

ಡಿಸೆಂಬರ್ ಒಂದರಂದು ಅವಳು ನೆವಾಡಾದ ಶೆಡ್ಡಿನಲ್ಲಿ ಗನ್ ಹಿಡಿದಳು. ಅಲ್ಲಿನ ಧೂಳು ಕೆಂಪಲ್ಲ, ಬೂದಿಬಣ್ಣ. ಹಾಳೆ ಒರೆಸಿಯೇ ಸಹಿ ಹಾಕಬೇಕು. ಕಾಲೇಜಿನಲ್ಲಿ ಅವಳ ಸೀಟನ್ನು ಪಟ್ಟಿಯಲ್ಲಿ ಅವಳ ನಂತರ ಕಾಯುತ್ತಿದ್ದ ಯಾರಿಗೋ ಕೊಟ್ಟರು.

ಮುಂದಿನ ನವೆಂಬರ್ ಹೊತ್ತಿಗೆ ಹೋದದ್ದು ಇಷ್ಟು: ಹತ್ತೊಂಬತ್ತು ಸಲ ಬರೆದ ಪರೀಕ್ಷೆ, ಹದಿನಾಲ್ಕರಲ್ಲಿ ಒಂದು ಸೀಟು, ಎಡಗೈಯಲ್ಲಿ ಐದು ಬೆರಳಿನ ಸ್ಪರ್ಶ, ಬಲಗೈಯಲ್ಲಿ ಮೂರರದ್ದು.